ಹಿಡಿಯೊಳಗಿನ ಹೆಸರು

ನಮ್ಮ ಮನೆಗೆ ಯಾರಾದರೂ ಗೋಣಿಚೀಲದಲ್ಲಿ ಉದ್ದನೆಯದೇನನ್ನೋ ಸುತ್ತಿಕೊಂಡು ಬಂದರೆ ನನ್ನ ಹೆಂಡತಿ ನೇತ್ರಾವತಿ ಬಾಗಿಲಲ್ಲೇ ಕೇಳುತ್ತಾಳೆ, "ಕತ್ತಿನಾ?" ಹೌದು ಅಂದರೆ ಒಳಗೆ ತಿರುಗಿ, "ರೀ, ಬಂತು ನೋಡಿ ಇನ್ನೊಂದು," ಅನ್ನುತ್ತಾಳೆ. ಮ್ಯೂಸಿಯಮ್ಮಿನ ಕೆಲಸದಿಂದ ನಿವೃತ್ತನಾಗಿ, ಗುಬ್ಬಿ ಪಕ್ಕದ ಜಿಲ್ಲಾಕೇಂದ್ರದ ಸದಾಶಿವನಗರದಲ್ಲಿ ಮನೆ ಮಾಡಿದಾಗ ನನಗಿದ್ದ ಆಸೆ ಒಂದೇ, ಊಟವಾದ ಮೇಲೆ ಹಾಯಾಗಿ ಮಲಗುವುದು. ಈ ಜಿಲ್ಲೆಯಲ್ಲಿ ಅದು ಆಗದ ಮಾತು. ಪಾಳೇಗಾರರ ಕತ್ತಿ, ಮುತ್ತಜ್ಜನ ಕಠಾರಿ, ಹೊಲ ಉಳುವಾಗ ಸಿಕ್ಕ ಬಾಕು, ಎಲ್ಲವೂ ನನ್ನ ವರಾಂಡಕ್ಕೆ ಬರುತ್ತವೆ. ನಾನು ತಿರುಗಿಸಿ ನೋಡಿ, "ಇದು ಮೊನ್ನೆ ಮೊನ್ನೆ ಮಾಡಿದ್ದು ಕಣ್ರೀ," ಅನ್ನುತ್ತೇನೆ. ಅವರ ಮುಖ ಇಳಿದುಹೋಗುತ್ತದೆ. ಗೂಳೂರಿನ ಒಬ್ಬರಂತೂ ನನಗೆ ಕಣ್ಣು ಮಂದ ಅಂತ ಊರೆಲ್ಲ ಹೇಳಿಕೊಂಡು ಬಂದರು. ನಿಜ ಹೇಳಿ ಹೇಳಿ ನನಗೆ ಸಾಕಾಗಿಹೋಗಿದೆ.

"ನಿಮ್ಮ ಬಾಯಲ್ಲಿ ಒಂದೇ ಒಂದು ಸಲ ಅಸಲಿ ಅಂತ ಬರಲಿ, ಬೀದಿಗೆಲ್ಲ ಸಿಹಿ ಹಂಚ್ತೀನಿ," ಅನ್ನುತ್ತಾಳೆ ನೇತ್ರಾ.

ಆ ಮಧ್ಯಾಹ್ನ ಬಂದವರು ತಾಯಿ ಮಗ. ತಾಯಿ ಪುಟ್ಟತಾಯಮ್ಮ, ಗುಬ್ಬಿ ಕಡೆಯ ಹಳ್ಳಿಯವರು, ಎಂಬತ್ತರ ಹತ್ತಿರದ ವಯಸ್ಸು. ಮಗ ಹನುಮಂತರಾಜು ಕರೆಂಟ್ ಆಫೀಸಿನಲ್ಲಿ ಕೆಲಸಕ್ಕಿದ್ದಾನೆ. ಅವನು ಗೋಣಿಚೀಲವನ್ನು ನೆಲದ ಮೇಲಿಟ್ಟು ದೂರ ಕೂತ. ಅಮ್ಮ ಕರೆದುಕೊಂಡು ಬಾ ಅಂದಿದ್ದಕ್ಕೆ ಬಂದಿದ್ದೇನೆ, ಬೇಗ ಮುಗಿದರೆ ಸಾಕು ಅನ್ನುವ ಹಾಗಿತ್ತು ಅವನ ಮುಖ. ನನ್ನ ಮುಖವೂ ಹಾಗೇ ಇದ್ದಿರಬೇಕು.

"ನಮ್ಮಪ್ಪ ಓಬಳಯ್ಯ ಬರ್ಮಾ ಯುದ್ಧಕ್ಕೆ ಹೋಗಿದ್ದ ಸ್ವಾಮಿ," ಅಂದರು ಪುಟ್ಟತಾಯಮ್ಮ. "ಜಪಾನಿನೋರು ಸೋತ್ಮೇಲೆ ಅವ್ರ ಪೈಕಿ ಒಬ್ಬ ಸಾಹೇಬ ಬಂದು ಅಪ್ಪನ ಕೈಗೇ ಈ ಕತ್ತಿ ಕೊಟ್ಟು ಕೈ ಮುಗಿದ್ನಂತೆ. ಅಪ್ಪ ಅಷ್ಟೇ ಹೇಳೋನು. ಯಾರೂ ನಂಬ್ಲಿಲ್ಲ."

ನಂಬುವುದು ಕಷ್ಟವೇ. ಶರಣಾದ ಜಪಾನಿ ಅಧಿಕಾರಿಗಳು ಕತ್ತಿಯನ್ನು ಬ್ರಿಟಿಷ್ ಅಧಿಕಾರಿಯ ಮುಂದೆ ಮೇಜಿನ ಮೇಲಿಡುತ್ತಿದ್ದರು. ಹೇಸರಗತ್ತೆಯ ಮೇಲೆ ಅಕ್ಕಿಮೂಟೆ ಹೊರಿಸಿಕೊಂಡು ಹೋಗುವ ಸಿಪಾಯಿಗೆ ಕತ್ತಿ ಕೊಟ್ಟು ಕೈ ಮುಗಿಯುತ್ತಿರಲಿಲ್ಲ. ಓಬಳಯ್ಯ ಅಂಥ ಸಿಪಾಯಿ. ಈ ಕಥೆ ನನಗೂ ಗಂಟಲಲ್ಲಿ ಇಳಿಯಲಿಲ್ಲ. ಹಾಗಂತ ಆ ಮುದುಕಿಯ ಮುಂದೆ ಹೇಳಲಿಲ್ಲ, ಆಮೇಲೆ ಹೇಳುವುದು ಇದ್ದೇ ಇರುತ್ತದೆ.

ಈಗ ಅವರು ಬಂದಿದ್ದ ಕಾರಣ ಬೇರೆಯೇ ಇತ್ತು. ಅವರ ತವರೂರಿನ ಹೈಸ್ಕೂಲಿನ ಮುಂದೆ, ಯುದ್ಧಕ್ಕೆ ಹೋಗಿದ್ದ ಊರಿನವರ ಹೆಸರು ಕೆತ್ತಿಸಿ ಒಂದು ಕಲ್ಲು ನಿಲ್ಲಿಸುತ್ತಿದ್ದಾರೆ. ಆ ಕೆಲಸದ ಮುಂದಾಳು ಪುಟ್ಟತಾಯಮ್ಮನ ತಮ್ಮ ಶಿವರಾಮಯ್ಯ, ಕುಣಿಗಲ್‌ನಲ್ಲಿರುವ ನಿವೃತ್ತ ಹೆಡ್‌ಮಾಸ್ಟರ್. ಎಲ್ಲರ ಹೆಸರನ್ನೂ ಬರೆಸಿದವರು ಸ್ವಂತ ಅಪ್ಪನ ಹೆಸರನ್ನೇ ಬಿಟ್ಟಿದ್ದಾರೆ. ಓಬಳಯ್ಯನ ಸೈನ್ಯದ ಕಾಗದಗಳನ್ನೆಲ್ಲ ಗೆದ್ದಲು ತಿಂದಿದೆ. ಅಪ್ಪ ಬೆಂಗಳೂರಿನಲ್ಲಿ ಯಾವುದೋ ಮಿಲ್ಲಿನಲ್ಲಿದ್ದು, ಗುಜರಿ ಅಂಗಡಿಯಲ್ಲಿ ನಕಲಿ ಕತ್ತಿ ಕೊಂಡು, ಊರಿಗೆ ಬಂದು ಕಥೆ ಕಟ್ಟಿದ ಅನ್ನುವುದು ಶಿವರಾಮಯ್ಯನ ವಾದ.

"ಇಸ್ಕೂಲಲ್ಲಿ ಹುಡುಗ್ರು ನನ್ ತಮ್ಮನ್ನ ಸುಳ್ ಸಿಪಾಯಿ ಮಗ ಅಂತ ರೇಗಿಸ್ತಿದ್ರು. ಅದ್ಕೇ ಅವ್ನಿಗೆ ಅಪ್ಪನ್ ಮೇಲೆ ಅಷ್ಟು ಕೋಪ. ನಂಗೂ ಅತ್ತೆ ಮನೇಲಿ ಅದೇ ಮಾತು. ಒಂದು ಮಾತು ಆಡಿದ್ರೆ, 'ಅವ್ರಪ್ಪನ ಹಂಗೇ ಬುರುಡೆ ಬುಡ್ತಾಳೆ' ಅನ್ನೋರು." ಪುಟ್ಟತಾಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಸುಳ್ಳುಗಾರನ ಮಗಳು ಅನ್ನಿಸ್ಕೊಂಡೇ ಮುದುಕಿ ಆದೆ. ಹಂಗೇ ಸಾಯೋಕೆ ನಂಗಿಷ್ಟ ಇಲ್ಲ. ಆ ಕಲ್ಲಲ್ಲಿ ಅಪ್ಪನ ಹೆಸ್ರು ಬರ್ಬೇಕು. ಕತ್ತಿ ನಿಜವಾದ್ದು ಅಂತ ನೀವು ಹೇಳಿದ್ರೆ ಬರ್ಸ್ತೀನಿ ಅಂದವ್ನೆ ತಮ್ಮ."

ಸಂಜೆ ಹೊತ್ತಿಗೆ ಈ ಹೆಂಗಸಿನ ಮುಖವೂ ಇಳಿದುಹೋಗುವುದಿದೆ, ಇಳಿಸುವವನು ನಾನೇ. ಗೋಣಿಚೀಲ ಬಿಚ್ಚಿದೆ.

ಕಂದು ಬಣ್ಣದ ತಗಡಿನ ಒರೆ. ಹಿಡಿಗೆ ಮೀನಿನ ಚರ್ಮ, ಅದರ ಮೇಲೆ ಹೆಣೆದ ದಾರ, ಹಿಡಿಗೂ ಅಲಗಿಗೂ ನಡುವಿನ ಹಿತ್ತಾಳೆಯ ಬಿಲ್ಲೆಯ ಮೇಲೆಲ್ಲ ಚಿಕ್ಕ ಚಿಕ್ಕ ಹೂವು. ಜಪಾನಿ ಸೈನ್ಯದ ಅಧಿಕಾರಿಗಳ ಕತ್ತಿ ಹೀಗೇ ಇರುತ್ತದೆ. ನಾನಿದ್ದ ಮ್ಯೂಸಿಯಮ್ಮಿನಲ್ಲಿ ಇಂಥವು ಕೆಲವಿದ್ದವು. ಅವುಗಳನ್ನು ನೋಡಿಕೊಳ್ಳುವುದು ಕಲಿಯಲಿ ಅಂತ ನನ್ನನ್ನು ಒಮ್ಮೆ ಜಪಾನಿಗೂ ಕಳಿಸಿದ್ದರು. ಆದರೆ ನಕಲಿ ಮಾಡುವವರು ಮೊದಲು ಮಾಡುವುದೇ ಈ ಒರೆ, ಈ ಹೂವು. ಅದನ್ನು ನೋಡಿ ಮೋಸ ಹೋಗುವ ವಯಸ್ಸಲ್ಲ ನನ್ನದು.

ಜಪಾನಿ ಕತ್ತಿಯಲ್ಲಿ ನೋಡಬೇಕಾದ್ದು ಹೊಳೆಯುವ ಅಲಗಲ್ಲ. ಹಿಡಿಯೊಳಗೆ ಅಡಗಿ ಕೂತಿರುತ್ತದಲ್ಲ, ಆ ಬಾಲ. ಒಂದೊಂದು ಮನೆತನದ ಕಮ್ಮಾರರು ಬಾಲವನ್ನು ಒಂದೊಂದು ಆಕಾರಕ್ಕೆ ತಟ್ಟುತ್ತಿದ್ದರು. ಕೆಲವರದು ದೋಣಿಯ ತಳದಂತೆ ಬಾಗಿರುತ್ತದೆ, ಕೆಲವರದು ಮೀನಿನ ಹೊಟ್ಟೆಯಂತೆ ಉಬ್ಬಿ ತುದಿಯಲ್ಲಿ ಸಣ್ಣಗಾಗುತ್ತದೆ. ಅದರ ಮೇಲೆ ಅರದ ಗೀರು, ಉಳಿಯಿಂದ ಹೊಡೆದ ಸಹಿ, ಇಷ್ಟರ ಮೇಲೆ ಹಳೇ ಬೆಲ್ಲದ ಬಣ್ಣದ ತುಕ್ಕು. ಆ ತುಕ್ಕನ್ನು ಅಲ್ಲಿ ಯಾರೂ ಬೆರಳಲ್ಲೂ ಉಜ್ಜುವುದಿಲ್ಲ. ದೊಡ್ಡ ಕಮ್ಮಾರನ ಹೆಸರನ್ನು ಸಣ್ಣವನ ಕತ್ತಿಗೆ ಹೊಡೆದು ಮಾರುವ ದಂಧೆ ಅಲ್ಲಿಯೂ ಹಳೆಯದು. ಆದರೆ ಆಮೇಲೆ ಹೊಡೆದ ಅಕ್ಷರದ ಗೆರೆಯೊಳಗಿನ ತುಕ್ಕು ಸುತ್ತಲಿನ ತುಕ್ಕಿಗಿಂತ ಎಳೆಯದಾಗಿರುತ್ತದೆ. ನೋಡಲು ಕಲಿತವನಿಗೆ ತುಕ್ಕೇ ಎಲ್ಲ ಹೇಳಿಬಿಡುತ್ತದೆ.

ಬಾಲವನ್ನು ಹಿಡಿಗೆ ಸೇರಿಸುವುದು ಒಂದು ಬಿದಿರಿನ ಗೂಟ. ಅದಕ್ಕೆ ಸಣ್ಣ ಸುತ್ತಿಗೆ ತಾಕಿಸಿದೆ. ಎಂಬತ್ತು ವರ್ಷ ಕೂತ ಗೂಟ ಸ್ವಲ್ಪ ಹಠ ಮಾಡಬೇಕಿತ್ತು. ಇದು ತವರಿಗೆ ಹೊರಟ ಹೊಸ ಸೊಸೆಯ ಹಾಗೆ ಒಂದೇ ಮಾತಿಗೆ ಎದ್ದು ಬಂತು. ನನಗೆ ಆಗಲೇ ಅನುಮಾನವಾಯಿತು. ಹಿಡಿಯನ್ನು ಎಳೆದೆ.

ಬಾಲ ಫಳಫಳ ಹೊಳೆಯುತ್ತಿತ್ತು. ಹಬ್ಬಕ್ಕೆ ಬೆಳಗಿದ ತಂಬಿಗೆಯ ಹಾಗೆ. ತುಕ್ಕಿಲ್ಲ, ಅರದ ಗೀರಿಲ್ಲ, ಸಹಿ ಇರಬೇಕಾದ ಜಾಗದಲ್ಲಿ ನನ್ನ ಮುಖ ಕಾಣುತ್ತಿತ್ತು.

"ಯಾರ್ರೀ ಇದನ್ನ ಉಜ್ಜಿದ್ದು?" ಅಂತ ಕೂಗಿದೆ. ಅಡುಗೆಮನೆಯಿಂದ ನೇತ್ರಾ ಓಡಿ ಬಂದಳು.

"ನಾನೇ ಸ್ವಾಮಿ." ಪುಟ್ಟತಾಯಮ್ಮನ ಮುಖದಲ್ಲಿ ಹೆಮ್ಮೆ ಇತ್ತು. "ವರ್ಸಾ ವರ್ಸಾ ಆಯುಧಪೂಜೆಗೆ ಕಳಚಿ ಉಜ್ತೀನಿ. ಹುಣಸೆಹಣ್ಣು ನೆನೆಹಾಕಿ, ಒಲೆ ಬೂದಿ ಹಾಕಿ, ತೆಂಗಿನ ನಾರಲ್ಲಿ. ಆಮೇಲೆ ಕೊಬ್ಬರಿ ಎಣ್ಣೆ ಸವರಿ ಮಡಗ್ತೀನಿ. ಒಂದು ಚುಕ್ಕೆ ತುಕ್ಕು ಬುಟ್ಟಿಲ್ಲ ನೋಡಿ."

ನನಗೆ ತಡೆಯಲಾಗಲಿಲ್ಲ. ಆ ತುಕ್ಕು ಅಂದರೇನು, ಅದನ್ನು ಉಜ್ಜುವುದು ಅಂದರೇನು, ಜಪಾನಿನಲ್ಲಿ ಇದನ್ನು ಕಂಡರೆ ಜನ ಎದೆ ಬಡಿದುಕೊಳ್ಳುತ್ತಾರೆ ಅಂತೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ನನ್ನ ಬಾಯಿಗೆ ಬ್ರೇಕಿಲ್ಲ. ಆ ಹೆಂಗಸು ಮಿಕಮಿಕ ನೋಡುತ್ತಿದ್ದರು.

"ಸಾರ್, ಸ್ವಲ್ಪ ಮೆತ್ಗೆ ಹೇಳಿ," ಅಂದ ಹನುಮಂತರಾಜು. "ಅಮ್ಮಂಗೆ ಬಿಪಿ ಐತೆ."

"ಹಂಗಾದ್ರೆ," ಅಂದರು ಪುಟ್ಟತಾಯಮ್ಮ, "ಸಾಕ್ಷಿನ ನಾನೇ ಅಳಿಸ್ಬುಟ್ನಾ?"

ನೇತ್ರಾ ನನ್ನನ್ನು ಒಂದು ನೋಟ ನೋಡಿದಳು. ನನಗೆ ನಾಚಿಕೆಯಾಯಿತು. ಭೂತಗನ್ನಡಿ ತರಿಸಿ, ಕತ್ತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ಮೊದಲಿಂದ ನೋಡತೊಡಗಿದೆ. ಹುಣಸೆಹಣ್ಣು ತುಕ್ಕು ತೆಗೆದೀತು, ಆಕಾರ ತೆಗೆಯುವುದಿಲ್ಲ. ಬಾಲ ನಿಧಾನವಾಗಿ ಸಣ್ಣಗಾಗುತ್ತಾ ಹೋಗಿ ತುದಿಯಲ್ಲಿ ದುಂಡಗಾಗಿತ್ತು. ಯಂತ್ರದಲ್ಲಿ ಕತ್ತರಿಸಿದ್ದರೆ ಎರಡೂ ಅಂಚು ಒಂದೇ ಸಮ ಇರುತ್ತಿತ್ತು. ಇಲ್ಲಿ ಸುತ್ತಿಗೆ ಹಿಡಿದ ಕೈ ಗೊತ್ತಾಗುತ್ತಿತ್ತು. ಗೂಟಕ್ಕೆ ಒಂದಲ್ಲ, ಎರಡು ತೂತು. ಒಂದು ಹಳೆಯ ಹಿಡಿಯದು, ಇನ್ನೊಂದು ಸೈನ್ಯದ ಹಿಡಿ ಹಾಕುವಾಗ ಹೊಸದಾಗಿ ಕೊರೆದದ್ದು. ಅಂದರೆ ಯಾವುದೋ ಮನೆಯಲ್ಲಿ ತಲೆತಲಾಂತರದಿಂದ ಇದ್ದ ಕತ್ತಿಗೆ ಸೈನ್ಯದ ಉಡುಪು ತೊಡಿಸಿ ಯುದ್ಧಕ್ಕೆ ತಂದಿದ್ದಾರೆ. ಅಧಿಕಾರಿಗಳಾಗಿ ಹೊರಟ ಎಷ್ಟೋ ಹುಡುಗರಿಗೆ ಮನೆಯವರು ಹಾಗೆ ಮಾಡಿ ಕೊಡುತ್ತಿದ್ದರು. ಗುಜರಿ ಅಂಗಡಿಗೆ ನಕಲಿ ಮಾಡುವವನು ಇಷ್ಟೆಲ್ಲ ಪಾಡು ಪಡುವುದಿಲ್ಲ.

"ಅಮ್ಮ," ಅಂದೆ. "ಇದು ಅಸಲಿ."

ನಿವೃತ್ತನಾದ ಮೇಲೆ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಪುಟ್ಟತಾಯಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಹನುಮಂತರಾಜು ಎದ್ದು ಬಂದು ಅಮ್ಮನ ಪಕ್ಕ ಕೂತ. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆ ಖುಷಿಯಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು.

"ಸಹಿ ಮಾತ್ರ ಹೋಗಿದೆ," ಅಂದೆ. "ಭೂತಗನ್ನಡಿಯಲ್ಲಿ ನೋಡಿದರೆ ಮೇಲಿನ ಅಕ್ಷರದ ಒಂದೆರಡು ಗೆರೆ ಉಳಿದಿದೆ ಅಷ್ಟೆ. ಅದು ಯಾವ ಹೆಸರು, ನಿಜವಾದ ಸಹಿಯೋ ಸುಳ್ಳು ಸಹಿಯೋ, ಇನ್ನು ಯಾರೂ ಹೇಳೋಕಾಗಲ್ಲ."

"ಹೋಯ್ತಾ? ಪೂರ್ತಿ ಹೋಯ್ತಾ?" ಅವರ ಧ್ವನಿಯಲ್ಲಿ ನೆಮ್ಮದಿ ಇತ್ತು. "ಅಪ್ಪಂಗೆ ಅದೇ ಬೇಕಾಗಿದ್ದು."

"ಏನಂದ್ರಿ?"

"ಮೊದಲು ಅಪ್ಪನೇ ಉಜ್ತಿದ್ದ. ಕೈ ನಡುಕ ಬಂದ್ಮೇಲೆ ಕತ್ತಿನ ನನ್ ಕೈಗೇ ಕೊಟ್ಟು ಹೇಳ್ಕೊಟ್ಟ. 'ಇಲ್ಲಿ ಅವನ ಹೆಸ್ರು ಐತೆ ಕಣವ್ವಾ. ಅದು ಹೋಗೋಗಂಟ ಉಜ್ಜು, ಬುಡಬ್ಯಾಡ' ಅಂದ. ಬೇರೇರ ಹೆಸ್ರಿರೋ ಚೊಂಬು ಮನೇಲಿದ್ರೆ ಕದ್ದಿದ್ದು ಅಂತಾರಲ್ಲ, ಅದ್ಕೇ ಹೇಳ್ತಾವ್ನೆ ಅಂದ್ಕೊಂಡೆ. ಉಜ್ತಾ ಬಂದೆ."

ನಮ್ಮಲ್ಲಿ ಪಾತ್ರೆ ಅಂಗಡಿಯಲ್ಲಿ ಒಂದು ಲೋಟ ಕೊಂಡರೂ ಹೆಸರು ಹಾಕಿಸಿಕೊಂಡೇ ಬರುತ್ತೇವೆ. ನೇತ್ರಾಳ ಅಟ್ಟದ ಮೇಲೆ ಅವಳ ಅಜ್ಜಿಯ ಹೆಸರಿನ ಕೊಳದಪ್ಪಲೆ ಇನ್ನೂ ಇದೆ. ವಸ್ತುವಿನ ಮೇಲೆ ಹೆಸರಿದ್ದರೆ ಅದು ಒಡೆಯನದು. ಚೊಂಬು ತಟ್ಟಿದವನ ಹೆಸರು ಯಾರಿಗೆ ಬೇಕು? ಓಬಳಯ್ಯನೂ ಹಾಗೇ ತಿಳಿದಿದ್ದ.

"ಅಮ್ಮ, ಅದು ಕತ್ತಿ ಇಟ್ಟುಕೊಂಡಿದ್ದವನ ಹೆಸರಲ್ಲ," ಅಂದೆ. "ಕತ್ತಿ ಮಾಡಿದ ಕಮ್ಮಾರನದು. ಅವನು ನಿಮ್ಮಪ್ಪ ಹುಟ್ಟೋಕೆ ಎಷ್ಟೋ ಕಾಲ ಮುಂಚೆ ಸತ್ತಿರ್ತಾನೆ."

ನನ್ನ ಕಣ್ಣು ಆಗ ಹಿಡಿಯ ಬಿಲ್ಲೆಯ ಮೇಲೆ ಬಿತ್ತು. ಆಯುಧಪೂಜೆ ಕಂಡ ಕತ್ತಿಯನ್ನು ನಾನು ದೂರದಿಂದಲೇ ಗುರುತಿಸುತ್ತೇನೆ. ಸಂದುಗೊಂದಿನಲ್ಲೆಲ್ಲ ವರ್ಷಾನುಗಟ್ಟಲೆಯ ಕುಂಕುಮ, ಗಂಧ ಗಟ್ಟಿಯಾಗಿ ಕೂತಿರುತ್ತದೆ. ಇದರ ಹೂವಿನ ಎಸಳುಗಳ ನಡುವೆ ಒಂದು ಕೆಂಪು ಚುಕ್ಕೆ ಇರಲಿಲ್ಲ.

"ಪೂಜೆಯಲ್ಲಿ ಇದಕ್ಕೆ ಕುಂಕುಮ ಇಡಲ್ವಾ?"

"ಇಲ್ಲ. ನೇಗ್ಲು, ಗುದ್ಲಿ, ಮಚ್ಚು, ಎಲ್ಲಕ್ಕೂ ಇಡೋನು ಅಪ್ಪ. ಇದಕ್ಕೆ ಮುಟ್ಟಿಸಬ್ಯಾಡಿ ಅನ್ನೋನು. ಬೂದುಗುಂಬಳಕ್ಕೆ ಕುಂಕುಮ ತುಂಬಿ ಒಡೀತಾರಲ್ಲ, ಆ ಹೊತ್ಗೆ ಎದ್ದು ತೋಟಕ್ಕೆ ಹೊಂಟೋಗ್ಬುಡೋನು. ಎಲ್ರೂ ನಗೋರು." ಆಮೇಲೆ ಅವರು ನನ್ನನ್ನು ನೋಡದೆ ಹೇಳಿದರು. "ಕೊನೆಗಾಲ್ದಲ್ಲಿ ಜ್ವರ ಬಂದಾಗ ಒಂದೇ ಮಾತು ಬಡಬಡಿಸ್ತಿದ್ದ ಸ್ವಾಮಿ. 'ಚಿಕ್ಕೋನು ಕಣವ್ವಾ, ಮೀಸೆ ಬಂದಿರ್ಲಿಲ್ಲ. ಕಾಡಲ್ಲಿ ನಾವಿಬ್ರೇ ಇದ್ದಿದ್ದು' ಅಂತ. ಜೊತೇಲಿದ್ದ ನಮ್ಮೋರು ಯಾರೋ ಸತ್ತಿರ್ಬೇಕು ಅಂದ್ಕೊಂಡಿದ್ದೆ."

ನೇತ್ರಾ ಸಿಹಿಯ ಸುದ್ದಿ ಎತ್ತಲಿಲ್ಲ.

"ಯಾರೂ ಕತ್ತಿ ಕೊಡ್ಲಿಲ್ಲ, ಅಲ್ವಾ?" ಅಂದರು ಪುಟ್ಟತಾಯಮ್ಮ.

ನನಗೆ ಗೊತ್ತಿಲ್ಲ ಅಮ್ಮ ಅಂದೆ. ಗೊತ್ತಿತ್ತು. ಅವರಿಗೂ ಗೊತ್ತಾಗಿತ್ತು.

"ಅಪ್ಪ ಅಷ್ಟು ವರ್ಸ ಉಜ್ಜಿದ್ದು ಅವನ ಹೆಸ್ರಲ್ವೇ ಅಲ್ಲ," ಅಂದರು ತಮಗೇ ಹೇಳಿಕೊಳ್ಳುವ ಹಾಗೆ. "ಪಾಪ, ಯಾರಾದ್ರೂ ಹೇಳಿದ್ರೆ ಆಗ್ತಿತ್ತು."

ಭಾನುವಾರ ಹನುಮಂತರಾಜು ಕಾರು ತಂದ. ಶಿವರಾಮಯ್ಯ ನನ್ನ ಬಾಯಿಂದಲೇ ಕೇಳಬೇಕು ಅಂದಿದ್ದರಂತೆ. ಬರುವುದಿಲ್ಲ ಅನ್ನೋಣ ಅಂತಿದ್ದೆ. ಸೊಂಟ ನೋವು, ಸಕ್ಕರೆ ಕಾಯಿಲೆ, ನೆಪಕ್ಕೆ ನನ್ನಲ್ಲಿ ಬರವಿಲ್ಲ. ಆದರೆ ಪುಟ್ಟತಾಯಮ್ಮ ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಗೋಣಿಚೀಲ ಇಟ್ಟುಕೊಂಡು ಕೂತಿದ್ದನ್ನು ನೋಡಿ ಚಪ್ಪಲಿ ಮೆಟ್ಟಿಕೊಂಡೆ. ಹೆಬ್ಬೂರಿನ ದಾರಿಯಲ್ಲಿ ಹೊರಟೆವು.

ಕುಣಿಗಲ್‌ನಲ್ಲಿ ಕೆರೆ ಕಡೆಗೆ ಹೋಗುವ ರಸ್ತೆಯಲ್ಲಿ ಶಿವರಾಮಯ್ಯನ ಮನೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು. ಹೆಡ್‌ಮಾಸ್ಟರ್‌ಗಿರಿ ಇನ್ನೂ ಮೈಯಿಂದ ಇಳಿದಿರಲಿಲ್ಲ. ನನ್ನನ್ನು ಕೂರಿಸಿ, "ಹೇಳಿ ಸಾರ್, ಗುಜರಿ ಮಾಲು ತಾನೇ?" ಅಂದರು.

ಎರಡು ತೂತು ತೋರಿಸಿದೆ. ಬಾಲದ ಆಕಾರ ತೋರಿಸಿದೆ. ಹಳೆಯ ಕತ್ತಿಗೆ ಸೈನ್ಯದ ಹಿಡಿ ಹಾಕುವುದು ಹೇಗೆ ಅಂತ ವಿವರಿಸಿದೆ. ಇದು ಜಪಾನಿ ಅಧಿಕಾರಿಯೊಬ್ಬನ ಸೊಂಟದಲ್ಲಿದ್ದ ಕತ್ತಿ, ಅದರಲ್ಲಿ ನನಗೆ ಅನುಮಾನವಿಲ್ಲ ಅಂದೆ. ಅವರು ಪಾಠ ಒಪ್ಪಿಸುವ ಹುಡುಗನ ಮಾತು ಕೇಳುವ ಹಾಗೆ ತಲೆ ಓರೆ ಮಾಡಿ ಕೇಳಿದರು.

"ಸರಿ. ಆದ್ರೆ ಒಬ್ಬ ಅಧಿಕಾರಿ ಬಂದು ನಮ್ಮಪ್ಪನಂಥವನ ಕೈಗೆ ಕತ್ತಿ ಕೊಡ್ತಾನಾ? ಅದನ್ನ ನೀವು ಒಪ್ತೀರಾ?"

ನಾನು ಬಾಯಿ ತೆರೆಯುವ ಮೊದಲೇ ಪುಟ್ಟತಾಯಮ್ಮ ಹೇಳಿದರು.

"ಕೊಡ್ಲಿಲ್ಲ ಕಣೋ ಶಿವರಾಮ. ಅಪ್ಪ ಅವ್ನನ್ನ ಕೊಂದು ತಗೊಂಡ."

ಉಳಿದದ್ದನ್ನೂ ಹೇಳಿದರು. ಕಾಡು, ಮೀಸೆ ಬಾರದ ಹುಡುಗ, ಕುಂಕುಮ, ಹೆಸರು ಉಜ್ಜಿದ್ದು. ಹೇಳುತ್ತಾ ಹೇಳುತ್ತಾ ಅವರ ಧ್ವನಿ ಕೆಳಗಿಳಿಯಿತು. ಶಿವರಾಮಯ್ಯ ಕನ್ನಡಕ ತೆಗೆದು ಒರೆಸಿದರು. ಕಣ್ಣು ತುಂಬಿತ್ತು. ಈಗ ಇವರು ಅಪ್ಪನನ್ನು ಕ್ಷಮಿಸುತ್ತಾರೆ, ನಾನು ಮನೆಗೆ ಹೋಗಿ ಮಲಗಬಹುದು ಅಂದುಕೊಂಡೆ.

ಅವರು ಎದ್ದು ನಿಂತರು. "ಅಕ್ಕಾ, ಏನ್ ಹೇಳ್ತಿದೀಯಾ ನೀನು! ಶತ್ರು ಸೈನ್ಯದ ಅಧಿಕಾರಿನ ಒಬ್ಬನೇ ಎದುರಿಸಿ ಕೊಂದವ್ನೆ ನಮ್ಮಪ್ಪ! ಇದನ್ನ ಇಷ್ಟು ದಿನ ಯಾಕೆ ಮುಚ್ಚಿಟ್ಟ ಆ ಮನುಷ್ಯ? ಯಾವನಾದ್ರೂ ಸುಳ್ ಸಿಪಾಯಿ ಅನ್ಲಿ ಈಗ, ನೋಡೋಣ." ಸ್ಕೂಲಿನಲ್ಲಿ ರೇಗಿಸಿಕೊಂಡ ಹುಡುಗ ಇಷ್ಟು ವರ್ಷ ಕಾದು ಕೂತಿದ್ದ. "ಕಲ್ಲಲ್ಲಿ ಎಲ್ರಿಗಿಂತ ಮೇಲೆ ಅಪ್ಪನ ಹೆಸ್ರು. ವೀರ ಓಬಳಯ್ಯ ಅಂತ, ದಪ್ಪಕ್ಷರದಲ್ಲಿ. ಪಕ್ಕದಲ್ಲಿ ಕತ್ತಿ ಚಿತ್ರ ಕೆತ್ತಿಸ್ತೀನಿ. ಉದ್ಘಾಟನೆ ದಿನ ಈ ಕತ್ತಿಗೆ ಕುಂಕುಮ ಹಚ್ಚಿ ಮೆರವಣಿಗೆ ಮಾಡಿಸ್ತೀನಿ ನೋಡು."

ಪುಟ್ಟತಾಯಮ್ಮ ತಮ್ಮನನ್ನು ಬಹಳ ಹೊತ್ತು ನೋಡಿದರು. ಬೇಕು ಬೇಕು ಅಂತ ಮುದುಕಿಯಾಗುವವರೆಗೂ ಬಯಸಿದ್ದು ಎದುರಿಗೇ ಇತ್ತು, ಕೇಳಿದ್ದಕ್ಕಿಂತ ಎರಡರಷ್ಟಾಗಿ. ಹೂಂ ಅನ್ನುತ್ತಾರೆ ಅಂತಲೇ ನಾನು ತಿಳಿದಿದ್ದೆ.

"ಬ್ಯಾಡ," ಅಂದರು.

"ಏನಕ್ಕಾ?"

"ಬ್ಯಾಡ ಕಣೋ. ಈ ಮಾತು ಹೇಳಿದ್ರೆ ಊರೇ ಹೊತ್ಕೊಂಡು ಕುಣೀತದೆ ಅಂತ ಅಪ್ಪಂಗೆ ಗೊತ್ತಿರ್ಲಿಲ್ವಾ? ಗೊತ್ತಿತ್ತು. ಅದಕ್ಕೇ ಕೈಗೆ ಕೊಟ್ಟ ಅನ್ನೋ ಸುಳ್ಳು ಕಟ್ಟಿ, ಜನ ನಕ್ರೂ ಅದನ್ನೇ ಹೇಳ್ಕೊಂಡು ಸತ್ತ. ನಾವಿಬ್ರೂ ಉಗಿಸ್ಕೊಂಡ್ರೂ ಬಾಯಿ ಬುಡ್ಲಿಲ್ಲ." ಅವರು ಗೋಣಿಚೀಲದ ಬಾಯಿ ಕಟ್ಟಿದರು. "ಅಪ್ಪ ಯುದ್ಧಕ್ಕೇ ಹೋಗಿರ್ಲಿಲ್ಲ, ಬುರುಡೆ ಬುಡ್ತಿದ್ದ ಅಂತ್ಲೇ ಇರ್ಲಿ. ನಾನು ಸುಳ್ಳುಗಾರನ ಮಗಳೇ."

ಶಿವರಾಮಯ್ಯ ಬಹಳ ವಾದ ಮಾಡಿದರು. ನನ್ನ ಕಡೆಗೂ ತಿರುಗಿ, "ನೀವಾದ್ರೂ ಹೇಳಿ ಸಾರ್," ಅಂದರು. ನಾನು ಬಂದದ್ದು ಕತ್ತಿ ನೋಡಲು, ಕಲ್ಲು ನೋಡಲು ಅಲ್ಲ ಅಂದೆ. ಕೊನೆಗೆ ಅವರು ಕೂತುಬಿಟ್ಟರು, ಒಮ್ಮೆಲೇ ಮುದುಕರಾದ ಹಾಗೆ. ಹೊರಡುವಾಗ ಪುಟ್ಟತಾಯಮ್ಮ ತಮ್ಮನ ತಲೆ ಸವರಿದರು. ಅವರು ತಲೆ ಎತ್ತಲಿಲ್ಲ.

ವಾಪಸ್ ಬರುವಾಗ ಹನುಮಂತರಾಜು ಕಾರನ್ನು ನಿಧಾನ ಓಡಿಸುತ್ತಿದ್ದ. ನನಗೆ ಎಲ್ಲಿಲ್ಲದ ಆಯಾಸ, ಕಣ್ಣು ಮುಚ್ಚಿದರೂ ನಿದ್ದೆಯಿಲ್ಲ. ಹೆಬ್ಬೂರಿನ ಹತ್ತಿರ ಹಿಂದಿನಿಂದ ಧ್ವನಿ ಬಂತು.

"ಆ ತುಕ್ಕು ಮತ್ತೆ ಬರೋಕೆ ಎಷ್ಟು ಕಾಲ ಬೇಕು ಸ್ವಾಮಿ?"

"ನಮ್ಮ ಕಾಲಕ್ಕೆ ಬರಲ್ಲ ಅಮ್ಮ. ಮೊಮ್ಮಕ್ಕಳ ಕಾಲಕ್ಕೂ ಬರಲ್ಲ."

"ಬರ್ಲಿ ಬುಡಿ, ನಿಧಾನಕ್ಕೆ. ಇನ್ನು ಉಜ್ಜಲ್ಲ." ಗೋಣಿಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಮತ್ತೆ ಕೇಳಿದರು. "ಬರೋ ಅಮಾವಾಸ್ಯೆಗೆ ಹಿರಿಯರ ಹಬ್ಬ. ಎಡೆ ಇಡುವಾಗ ಒಬ್ಬೊಬ್ರ ಹೆಸ್ರು ಹೇಳ್ಬೇಕು. ಹೆಸ್ರೇ ಗೊತ್ತಿಲ್ದೋನಿಗೆ ಒಂದು ಎಡೆ ಇಟ್ರೆ ಅವ್ನಿಗೆ ಮುಟ್ಟುತ್ತಾ?"

ಸಾಕ್ಷಿ ಇಲ್ಲದೆ ನಾನು ಒಂದು ಮಾತೂ ಆಡಿದವನಲ್ಲ. ಅದಕ್ಕಾಗಿಯೇ ಈ ಜಿಲ್ಲೆಯಲ್ಲಿ ನನ್ನನ್ನು ಕಂಡರೆ ಜನಕ್ಕೆ ಆಗುವುದಿಲ್ಲ.

"ಮುಟ್ಟುತ್ತೆ ಅಮ್ಮ," ಅಂದೆ. "ಖಂಡಿತ ಮುಟ್ಟುತ್ತೆ."